ಇರುಸಿನ ಅನುಪಾತವೂ ಇಂಧನದ ಮಿತವ್ಯಯವೂ: ಅಮೆರಿಕದ ಡೀಸೆಲ್ ಎಳೆವಾಹನಗಳ ಚರಿತ್ರೆಯಲ್ಲಿ ಒಂದು ಪ್ರಶ್ನೆ

೧. ವಿಷಯ ಪ್ರವೇಶ

ಮೋಟಾರು ವಾಹನಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಎಂಜಿನ್ನುಗಳ ಚರಿತ್ರೆಯೆಂದೇ ಭಾವಿಸುವ ವಾಡಿಕೆ ಬೆಳೆದುಬಂದಿದೆ. ಎಂಜಿನ್ನಿನ ಅಶ್ವಶಕ್ತಿ, ಅದನ್ನು ನಿರ್ಮಿಸಿದವರ ಸಾಹಸ, ಅದು ಕುಡಿಯುವ ಇಂಧನ ಇವು ಗ್ರಂಥಗಳ ಪುಟಗಳನ್ನು ತುಂಬಿವೆ. ಆದರೆ ಎಂಜಿನ್ನು ಉತ್ಪಾದಿಸಿದ ಶಕ್ತಿ ಭೂಮಿಗೆ ತಾಕುವುದು ಹಿಂದಿನ ಚಕ್ರಗಳ ಮೂಲಕ. ಆ ಚಕ್ರಗಳಿಗೂ ಎಂಜಿನ್ನಿಗೂ ನಡುವೆ ನಿಂತು ವ್ಯವಹಾರವನ್ನು ಕುದುರಿಸುವ ದಲ್ಲಾಳಿಯೊಂದುಂಟು. ಅದೇ ಹಿಂದಿನ ಇರುಸಿನೊಳಗೆ, ಎಣ್ಣೆಯಲ್ಲಿ ಮುಳುಗಿ, ಯಾರ ಕಣ್ಣಿಗೂ ಬೀಳದೆ ತಿರುಗುವ ಹಲ್ಲುಚಕ್ರಗಳ ಜೋಡಿ. ನಮ್ಮ ಲಾರಿ ಕಾರ್ಖಾನೆಗಳಲ್ಲಿ ಇದಕ್ಕೆ ‘ಕ್ರೌನ್ ಮತ್ತು ಪಿನಿಯನ್’ ಎಂಬ ಹೆಸರು ರೂಢಿಯಲ್ಲಿದೆ. ಈ ಜೋಡಿಯ ಹಲ್ಲುಗಳ ಅನುಪಾತವನ್ನು ಆಯ್ದುಕೊಳ್ಳುವ ಹೊಣೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಹುಕಾಲದಿಂದ ಕೊಳ್ಳುವವನ ಮೇಲೆಯೇ ಬಿದ್ದಿದೆ. ಆ ಆಯ್ಕೆ ಹೇಗೆ ನಡೆದುಬಂದಿತು, ಅದನ್ನು ಯಾವ ಯಾವ ಸಂಗತಿಗಳು ನಿರ್ಧರಿಸಿದವು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸಲು ಯತ್ನಿಸಿದ್ದೇವೆ.

ಈ ವಿಷಯದಲ್ಲಿ ಜನಜನಿತವಾದ ಅಭಿಪ್ರಾಯವೊಂದಿದೆ. ಇರುಸಿನ ಅನುಪಾತದ ಸಂಖ್ಯೆ ಕಿರಿದಾದಷ್ಟೂ ಇಂಧನದ ಉಳಿತಾಯ ಹಿರಿದು. ಸಂಖ್ಯೆ ಹಿರಿದಾದಷ್ಟೂ ಎಳೆಯುವ ಸಾಮರ್ಥ್ಯ ಹಿರಿದು. ಆದಕಾರಣ ಮಿತವ್ಯಯ ಬೇಕೆನ್ನುವವನು ೩.೦೭ನ್ನೂ ಭಾರ ಎಳೆಯಬೇಕೆನ್ನುವವನು ೪.೧೦ನ್ನೂ ಆಯ್ದುಕೊಳ್ಳತಕ್ಕದ್ದು ಎಂಬುದೇ ಆ ಅಭಿಪ್ರಾಯ. ಇದರಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಚರಿತ್ರೆಯನ್ನು ಕ್ರಮವಾಗಿ ನೋಡಿದರೆ, ಆ ಸಂಖ್ಯೆಗೆ ಸ್ವತಂತ್ರವಾದ ಅರ್ಥವೇ ಇಲ್ಲವೆಂಬುದೂ, ಗೇರುಪೆಟ್ಟಿಗೆ, ಟೈರು, ರಸ್ತೆಯ ವೇಗಮಿತಿ ಈ ಮೂರೂ ಬದಲಾದಂತೆಲ್ಲ ಒಂದೇ ಸಂಖ್ಯೆ ಬೇರೆ ಬೇರೆ ಫಲವನ್ನು ಕೊಟ್ಟಿತೆಂಬುದೂ ವ್ಯಕ್ತವಾಗುತ್ತದೆ.

೨. ಪರಿಭಾಷೆ

ಮುಂದುವರಿಯುವ ಮೊದಲು ಕೆಲವು ಮಾತುಗಳ ಅರ್ಥವನ್ನು ನಿಶ್ಚಯಿಸಿಕೊಳ್ಳುವುದು ಅವಶ್ಯ. ಇರುಸಿನ ಅನುಪಾತ ೪.೧೦ ಎಂದರೆ, ಪ್ರೊಪೆಲ್ಲರ್ ಶಾಫ್ಟು ೪.೧೦ ಸುತ್ತು ತಿರುಗಿದಾಗ ಚಕ್ರವು ಒಂದು ಸುತ್ತು ತಿರುಗುತ್ತದೆ ಎಂದರ್ಥ. ಸಂಖ್ಯೆ ದೊಡ್ಡದಾದರೆ ಚಕ್ರಕ್ಕೆ ದೊರೆಯುವ ತಿರುಚುಬಲ, ಎಂದರೆ ಟಾರ್ಕ್, ಹೆಚ್ಚುತ್ತದೆ; ಆದರೆ ಅದೇ ವೇಗದಲ್ಲಿ ಸಾಗಲು ಎಂಜಿನ್ನು ಹೆಚ್ಚು ಸುತ್ತಬೇಕಾಗುತ್ತದೆ. ಎತ್ತಿನಗಾಡಿಯ ಇರುಸಿಗೆ ಈ ಗೊಡವೆಯಿಲ್ಲ; ಎತ್ತು ನಡೆದಂತೆ ಗಾಲಿ ಉರುಳುತ್ತದೆ. ತನಗೆ ಹಿತವಾದ ಸುತ್ತಿನ ಮಿತಿಯೊಳಗೆ ಮಾತ್ರ ಚೆನ್ನಾಗಿ ದುಡಿಯುವ ಎಂಜಿನ್ನು ಬಂದ ಮೇಲೆಯೇ ಈ ಪ್ರಶ್ನೆ ಹುಟ್ಟಿದ್ದು.

ಎಂಜಿನ್ನು ನಿಧಾನವಾಗಿ ಸುತ್ತಿದರೆ ಇಂಧನ ಉಳಿಯುವುದೇಕೆ? ಉರುಳೆ, ಕೊರಡು, ಬೇರಿಂಗುಗಳ ಘರ್ಷಣೆಯನ್ನು ಗೆಲ್ಲುವುದಕ್ಕಾಗಿಯೇ ಎಂಜಿನ್ನು ಸ್ವಲ್ಪ ಇಂಧನವನ್ನು ಸುಡುತ್ತದೆ. ಸುತ್ತು ಹೆಚ್ಚಿದಂತೆ ಈ ವ್ಯಯ ಹೆಚ್ಚುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇದರ ಜೊತೆಗೆ, ಅರ್ಧ ಮುಚ್ಚಿದ ಕವಾಟದ ಮೂಲಕ ಗಾಳಿಯನ್ನು ಎಳೆದುಕೊಳ್ಳುವ ನಷ್ಟವೂ ಸೇರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಶಕ್ತಿಯನ್ನು ನಿಯಂತ್ರಿಸುವುದು ಗಾಳಿಯ ಮೊತ್ತದಿಂದಲ್ಲ, ಸಿಂಪಡಿಸುವ ಇಂಧನದ ಮೊತ್ತದಿಂದ. ಆದ್ದರಿಂದ ಆ ಎರಡನೆಯ ನಷ್ಟ ಅದಕ್ಕೆ ಅಲ್ಪ. ಇದರಿಂದ ಒಂದು ಮುಖ್ಯ ತೀರ್ಮಾನ ಹೊರಡುತ್ತದೆ: ಸುತ್ತನ್ನು ತಗ್ಗಿಸುವುದರಿಂದ ಪೆಟ್ರೋಲ್ ವಾಹನಕ್ಕೆ ಆಗುವಷ್ಟು ಲಾಭ ಡೀಸೆಲ್ ವಾಹನಕ್ಕೆ ಆಗಲಾರದು. ಪೆಟ್ರೋಲ್ ಕಾರಿನ ಅನುಭವದಿಂದ ಬಂದ ನಿಯಮವನ್ನು ಡೀಸೆಲ್ ಟ್ರಕ್ಕಿಗೆ ಹಾಗೆಯೇ ಅನ್ವಯಿಸಿದವರು ಈ ವ್ಯತ್ಯಾಸವನ್ನು ಗಮನಿಸಲಿಲ್ಲ.

೩. ಪೂರ್ವಪೀಠಿಕೆ

ಇರುಸಿನ ಅನುಪಾತವನ್ನು ಕೊಳ್ಳುವವನ ಇಷ್ಟಕ್ಕೆ ಬಿಡುವ ಪದ್ಧತಿ ಡೀಸೆಲ್ ಟ್ರಕ್ಕಿಗಿಂತಲೂ ಹಳೆಯದು. ಫೋರ್ಡ್ ಸಂಸ್ಥೆಯ ಟಿ ಮಾದರಿಯ ಕಾರಿನಲ್ಲಿ ಅನುಪಾತ ೩.೬೪ ಇದ್ದಿತು. ೧೯೧೭ರಲ್ಲಿ ಅದೇ ಸಂಸ್ಥೆ ಟಿಟಿ ಎಂಬ ಒಂದು ಟನ್ನಿನ ಟ್ರಕ್ಕನ್ನು ಹೊರತಂದಾಗ, ಎಂಜಿನ್ನನ್ನು ಬದಲಾಯಿಸಲಿಲ್ಲ, ಇರುಸನ್ನು ಬದಲಾಯಿಸಿತು. ವರ್ಮ್ ಹಲ್ಲಿನ ಆ ಇರುಸಿನ ಅನುಪಾತ ೭.೨೫. ಅದೇ ೨೦ ಅಶ್ವಶಕ್ತಿಯ ಎಂಜಿನ್ನು ಈ ಬದಲಾವಣೆಯ ನೆರವಿನಿಂದ ಹೊರೆ ಹೊರುವ ವಾಹನವಾಯಿತು. ಅದಕ್ಕೆ ತೆತ್ತ ಬೆಲೆ ವೇಗ. ವೇಗ ಬೇಕೆನ್ನುವವರಿಗಾಗಿ ೫.೧೭ರ ಅನುಪಾತವೂ ದೊರೆಯುತ್ತಿತ್ತು. ೧೯೨೦ರ ದಶಕದಲ್ಲಿ ರಕ್‌ಸ್ಟೆಲ್ ಇರುಸು ಎಂಬ ಎರಡು ಅನುಪಾತಗಳ ಇರುಸನ್ನು ಟಿ ಮಾದರಿಗೆ ಜೋಡಿಸಿಕೊಳ್ಳುವುದೂ ರೂಢಿಗೆ ಬಂದಿತು. ಒಂದೇ ಅನುಪಾತದಿಂದ ಏರಿಗೂ ಬಯಲಿಗೂ ನ್ಯಾಯ ಸಲ್ಲಿಸಲಾಗದು ಎಂಬ ಅರಿವು ಆಗಲೇ ಇದ್ದಿತೆಂಬುದಕ್ಕೆ ಇದು ಸಾಕ್ಷಿ.

ಡೀಸೆಲ್ ಎಂಜಿನ್ನು ಟ್ರಕ್ಕಿಗೆ ಬಂದದ್ದು ೧೯೨೩-೨೪ರಲ್ಲಿ, ಜರ್ಮನಿಯಲ್ಲಿ. ಅಮೆರಿಕದಲ್ಲಿ ಅದನ್ನು ರಸ್ತೆಗೆ ತಂದವರಲ್ಲಿ ಕ್ಲೆಸಿ ಕಮಿನ್ಸ್ ಪ್ರಮುಖನು. ಇಂಡಿಯಾನಾ ಸಂಸ್ಥಾನದ ಕೊಲಂಬಸ್ ಪಟ್ಟಣದಲ್ಲಿ ೧೯೧೯ರಲ್ಲಿ ತನ್ನ ಸಂಸ್ಥೆಯನ್ನು ಸ್ಥಾಪಿಸಿದ ಈತ, ೧೯೩೧ರ ಇಂಡಿಯಾನಾಪೊಲಿಸ್ ೫೦೦ ಮೈಲಿಗಳ ಪಂದ್ಯಕ್ಕೆ ಡೀಸೆಲ್ ಕಾರನ್ನು ಇಳಿಸಿದನು; ಅದು ಇಂಧನಕ್ಕಾಗಿ ಒಮ್ಮೆಯೂ ನಿಲ್ಲದೆ ಪಂದ್ಯವನ್ನು ಮುಗಿಸಿತು. ಗೆಲ್ಲಲಿಲ್ಲ, ಆದರೆ ನಿಲ್ಲಲಿಲ್ಲವೆಂಬುದೇ ಜನರ ಮನಸ್ಸಿನಲ್ಲಿ ಉಳಿಯಿತು. ಡೀಸೆಲ್ಲಿಗೂ ಮಿತವ್ಯಯಕ್ಕೂ ಜನಮನದಲ್ಲಿ ಬಿದ್ದ ಗಂಟು ಇಂಥ ಪ್ರದರ್ಶನಗಳಿಂದ ಬಿಗಿಯಾಯಿತು. ಆದರೂ ರೈತನೂ ಸಣ್ಣ ಗುತ್ತಿಗೆದಾರನೂ ಇಟ್ಟುಕೊಳ್ಳುವ ಪಿಕಪ್ ಟ್ರಕ್ಕಿಗೆ ಡೀಸೆಲ್ ವ್ಯಾಪಕವಾಗಿ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು.

೪. ತೈಲದ ಬಿಕ್ಕಟ್ಟು ಮತ್ತು ೫೫ ಮೈಲಿಗಳ ಕಾನೂನು

೧೯೭೩ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ವಿಧಿಸಿದ ತೈಲ ನಿರ್ಬಂಧವು ಈ ಚರಿತ್ರೆಯನ್ನು ಎರಡಾಗಿ ಸೀಳುತ್ತದೆ. ೧೯೭೪ರ ಜನವರಿ ೨ರಂದು ಅಧ್ಯಕ್ಷ ನಿಕ್ಸನ್ ಸಹಿ ಮಾಡಿದ ಕಾನೂನಿನಿಂದ ಇಡೀ ದೇಶದಲ್ಲಿ ಗಂಟೆಗೆ ೫೫ ಮೈಲಿಗಳ ವೇಗಮಿತಿ ಜಾರಿಗೆ ಬಂದಿತು. ೧೯೭೫ರ ಇಂಧನ ನೀತಿಯ ಕಾನೂನು ಕಾರು ತಯಾರಕರ ಮೇಲೆ ಸರಾಸರಿ ಮಿತವ್ಯಯದ ಕಟ್ಟುಪಾಡನ್ನು ಹೇರಿತು. ಆದರೆ ಹೊರೆಸಹಿತ ಒಟ್ಟು ತೂಕ ೮,೫೦೦ ಪೌಂಡುಗಳನ್ನು ಮೀರುವ ಪಿಕಪ್ಪುಗಳು ಈ ಕಟ್ಟುಪಾಡಿನಿಂದ ಹೊರಗುಳಿದವು. ಈ ಸಣ್ಣ ವಿನಾಯಿತಿಯ ಪರಿಣಾಮವನ್ನು ಮುಂದೆ ನೋಡಲಿದ್ದೇವೆ.

ಡೀಸೆಲ್ ಪಿಕಪ್ಪುಗಳು ಈ ವಾತಾವರಣದಲ್ಲಿ ಹುಟ್ಟಿದವು. ೧೯೭೮ರಲ್ಲಿ ಜನರಲ್ ಮೋಟರ್ಸ್ ಸಂಸ್ಥೆ ೫.೭ ಲೀಟರಿನ ಓಲ್ಡ್ಸ್‌ಮೊಬೀಲ್ ಡೀಸೆಲ್ಲನ್ನು ಪಿಕಪ್ಪಿಗೆ ಕೊಟ್ಟಿತು, ೧೯೮೨ರಲ್ಲಿ ೬.೨ ಲೀಟರಿನ ಹೊಸ ಎಂಜಿನ್ನನ್ನು ತಂದಿತು. ೧೯೮೩ರ ಮಾದರಿಗೆ ಫೋರ್ಡ್ ಸಂಸ್ಥೆ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ತಯಾರಿಸಿದ ೬.೯ ಲೀಟರಿನ ಎಂಜಿನ್ನನ್ನು ಅಳವಡಿಸಿತು. ಇವೆಲ್ಲವೂ ಪೂರ್ವಕೋಷ್ಠದಲ್ಲಿ ಇಂಧನವನ್ನು ಸಿಂಪಡಿಸುವ ಬಗೆಯವು, ಟರ್ಬೋ ಇಲ್ಲದವು. ಫೋರ್ಡಿನ ಎಂಜಿನ್ನು ನಿಮಿಷಕ್ಕೆ ೩,೩೦೦ ಸುತ್ತುಗಳವರೆಗೂ ಓಡಬಲ್ಲುದಾಗಿತ್ತು. ಆದುದರಿಂದ ಮೂರು ಗೇರಿನ ಸ್ವಯಂಚಾಲಿತ ಪೆಟ್ಟಿಗೆಯಿದ್ದರೂ ಇರುಸಿನ ಅನುಪಾತವನ್ನು ೩.೫೫ ಅಥವಾ ೪.೧೦ ಇಟ್ಟುಕೊಂಡು ೫೫ ಮೈಲಿಗಳ ವೇಗದಲ್ಲಿ ನಡೆಯುವುದು ಸಾಧ್ಯವಿತ್ತು. ಸದ್ದು ಹೆಚ್ಚು, ಇಂಧನವೂ ಸ್ವಲ್ಪ ಹೆಚ್ಚು. ಆದರೆ ಗಾಡಿ ನಡೆಯುತ್ತಿತ್ತು.

೫. ೧೯೮೯ರ ಪ್ರಕರಣ

ನಮ್ಮ ವಾದಕ್ಕೆ ಕೇಂದ್ರವಾದ ಪ್ರಕರಣ ೧೯೮೯ರದು. ಆ ವರ್ಷದ ಮಾದರಿಗೆ ಕ್ರೈಸ್ಲರ್ ಸಂಸ್ಥೆ ತನ್ನ ಡಾಜ್ ಪಿಕಪ್ಪಿನಲ್ಲಿ ಕಮಿನ್ಸ್ ಸಂಸ್ಥೆಯ ಬಿ ಶ್ರೇಣಿಯ ೫.೯ ಲೀಟರಿನ ಆರು ಸಿಲಿಂಡರಿನ ಎಂಜಿನ್ನನ್ನು ಅಳವಡಿಸಿತು. ಕೃಷಿಯಂತ್ರಗಳಿಗೂ ಮಧ್ಯಮ ಗಾತ್ರದ ಲಾರಿಗಳಿಗೂ ಉದ್ದೇಶಿಸಿದ ಎಂಜಿನ್ನು ಅದು: ಟರ್ಬೋ ಉಳ್ಳದ್ದು, ಇಂಧನವನ್ನು ನೇರವಾಗಿ ಸಿಲಿಂಡರಿಗೆ ಸಿಂಪಡಿಸುವಂಥದು. ಶಕ್ತಿ ೧೬೦ ಅಶ್ವಶಕ್ತಿ; ತಿರುಚುಬಲ ೪೦೦ ಪೌಂಡ್-ಅಡಿ. ಆದರೆ ಗವರ್ನರು ಅದನ್ನು ನಿಮಿಷಕ್ಕೆ ಸುಮಾರು ೨,೫೦೦ ಸುತ್ತುಗಳಿಗೆ ಕಟ್ಟಿಹಾಕಿತ್ತು. ಇದರೊಡನೆ ದೊರೆಯುತ್ತಿದ್ದ ಸ್ವಯಂಚಾಲಿತ ಪೆಟ್ಟಿಗೆ ಕ್ರೈಸ್ಲರ್ ಸಂಸ್ಥೆಯ ಹಳೆಯ ‘೭೨೭’. ಅದರ ಗೇರುಗಳು ಮೂರೇ: ೨.೪೫, ೧.೪೫, ೧.೦೦. ಓವರ್‌ಡ್ರೈವ್ ಇಲ್ಲ. ಈ ಜೋಡಿಗೆ ತಯಾರಕರು ೩.೦೭ ಅನುಪಾತದ ಹಿಂದಿನ ಇರುಸನ್ನು ಕೊಟ್ಟರು.

ಈ ೩.೦೭ ಮುಂದೆ ಮಿತವ್ಯಯದ ಸಂಕೇತವಾಗಿ ಪ್ರಸಿದ್ಧಿ ಪಡೆಯಿತು. ಆದರೆ ಲೆಕ್ಕ ಹಾಕಿ ನೋಡಿದರೆ, ಅದು ಮಿತವ್ಯಯಕ್ಕಾಗಿ ಮಾಡಿದ ಆಯ್ಕೆಯೆನ್ನುವುದಕ್ಕಿಂತ ಅನಿವಾರ್ಯತೆಯಿಂದ ಬಂದ ಆಯ್ಕೆಯೆನ್ನುವುದು ಹೆಚ್ಚು ಯುಕ್ತ. ಆ ಟ್ರಕ್ಕುಗಳಿಗೆ ಹಾಕುತ್ತಿದ್ದ ೧೬ ಅಂಗುಲದ ಎತ್ತರದ ಟೈರು ಒಂದು ಮೈಲಿ ಉರುಳಲು ಸುಮಾರು ೬೫೫ ಸುತ್ತು ತಿರುಗುತ್ತದೆ. ಗಂಟೆಗೆ ೬೦ ಮೈಲಿಯೆಂದರೆ ನಿಮಿಷಕ್ಕೆ ಒಂದು ಮೈಲಿ. ಎಂದರೆ ನಿಮಿಷಕ್ಕೆ ೬೫೫ ಸುತ್ತು. ಟಾಪ್ ಗೇರು ೧.೦೦ ಇರುವಾಗ ಇರುಸಿನ ಅನುಪಾತದಿಂದ ಇದನ್ನು ಗುಣಿಸಿದರೆ ಎಂಜಿನ್ನಿನ ಸುತ್ತು ದೊರೆಯುತ್ತದೆ. ೩.೦೭ಕ್ಕೆ ೨,೦೧೧, ೩.೫೪ಕ್ಕೆ ೨,೩೧೯, ೪.೧೦ಕ್ಕೆ ೨,೬೮೬. ಕೊನೆಯದು ಗವರ್ನರಿನ ಮಿತಿಯನ್ನೇ ಮೀರುತ್ತದೆ. ಎಂದರೆ ಮೂರು ಗೇರಿನ ಪೆಟ್ಟಿಗೆಯೊಡನೆ ೪.೧೦ರ ಇರುಸನ್ನು ಹಾಕಿದ್ದರೆ ಆ ಟ್ರಕ್ಕು ಗಂಟೆಗೆ ೫೬ ಮೈಲಿಗಳ ಆಚೆಗೆ ಹೋಗುವುದೇ ಅಸಾಧ್ಯವಾಗುತ್ತಿತ್ತು. ೧೯೮೭ರಲ್ಲಿ ಗ್ರಾಮಾಂತರದ ಹೆದ್ದಾರಿಗಳಲ್ಲಿ ೬೫ ಮೈಲಿಗಳಿಗೆ ಅನುಮತಿ ದೊರೆತಿತ್ತು. ಹೀಗಿರಲಾಗಿ ನಿಧಾನದ ಎಂಜಿನ್ನು, ಓವರ್‌ಡ್ರೈವಿಲ್ಲದ ಪೆಟ್ಟಿಗೆ, ವೇಗವಾಗತೊಡಗಿದ ರಸ್ತೆ ಈ ಮೂರರ ನಡುವೆ ಸಿಕ್ಕಿದ ತಯಾರಕರಿಗೆ ೩.೦೭ರ ಆಸುಪಾಸಿನ ಅನುಪಾತವಲ್ಲದೆ ಗತ್ಯಂತರವಿರಲಿಲ್ಲ.

ಹಾಗಾದರೆ ಆ ಟ್ರಕ್ಕು ಪಡೆದ ಮಿತವ್ಯಯದ ಕೀರ್ತಿ ಸುಳ್ಳೇ? ಸುಳ್ಳಲ್ಲ, ಆದರೆ ಆ ಕೀರ್ತಿಗೆ ವಾರಸುದಾರರು ಹಲವರು. ಪೂರ್ವಕೋಷ್ಠವಿಲ್ಲದ ನೇರ ಸಿಂಪಡಿಕೆಯಿಂದ ಉಷ್ಣದ ನಷ್ಟ ಕಡಮೆಯಾಯಿತು. ಟರ್ಬೋ, ಹೊರಹೋಗುವ ಅನಿಲದ ಶಕ್ತಿಯಲ್ಲಿ ಒಂದು ಪಾಲನ್ನು ಮರಳಿ ದುಡಿಸಿಕೊಂಡಿತು. ೫೫ ಮೈಲಿಗಳ ಕಾನೂನು ಕಲಿಸಿದ ನಿಧಾನದ ಅಭ್ಯಾಸ ಚಾಲಕರಲ್ಲಿ ಇನ್ನೂ ಉಳಿದಿತ್ತು. ಇವೆಲ್ಲದರ ಫಲವನ್ನು ಇರುಸಿನ ಮೇಲೆ ಕೆತ್ತಿದ ಒಂದು ಸಂಖ್ಯೆಗೆ ಸಲ್ಲಿಸಿದ್ದು ಕಾಕತಾಳೀಯ ನ್ಯಾಯವೆಂದು ನಮಗೆ ತೋರುತ್ತದೆ.

ಇನ್ನು ಟ್ರೈಲರ್ ಎಳೆಯುವಾಗಿನ ಸ್ಥಿತಿಯನ್ನು ನೋಡೋಣ. ಟ್ರಕ್ಕು ಮತ್ತು ಟ್ರೈಲರಿನ ಒಟ್ಟು ತೂಕ ೧೫,೦೦೦ ಪೌಂಡೆಂದೂ, ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ೫೦ ಮೈಲಿ ಸಾಗಲು ೭೦ ಅಶ್ವಶಕ್ತಿ ಬೇಕೆಂದೂ ಇಟ್ಟುಕೊಳ್ಳೋಣ. ನೂರಕ್ಕೆ ಮೂರರ ಏರು ಎದುರಾದರೆ ತೂಕದ ನೂರರಲ್ಲಿ ಮೂರು ಪಾಲು, ಎಂದರೆ ೪೫೦ ಪೌಂಡುಗಳ ಹೆಚ್ಚಿನ ಎಳೆತ ಬೇಕು; ಆ ವೇಗದಲ್ಲಿ ಇದಕ್ಕೆ ಇನ್ನೂ ೬೦ ಅಶ್ವಶಕ್ತಿ. ಒಟ್ಟು ೧೩೦. ೩.೦೭ರ ಇರುಸಿರುವ ಟ್ರಕ್ಕಿನ ಎಂಜಿನ್ನು ಆಗ ೧,೬೭೬ ಸುತ್ತು ತಿರುಗುತ್ತಿರುತ್ತದೆ. ೪೦೦ ಪೌಂಡ್-ಅಡಿಯ ಪೂರ್ಣ ತಿರುಚುಬಲವೂ ಆ ಸುತ್ತಿನಲ್ಲಿ ಕೊಡುವುದು ೧೨೮ ಅಶ್ವಶಕ್ತಿ ಮಾತ್ರ. ಎರಡು ಅಶ್ವಶಕ್ತಿಯ ಕೊರತೆ! ವೇಗ ಕ್ರಮೇಣ ಕುಸಿಯುತ್ತದೆ. ಎರಡನೆಯ ಗೇರಿಗೆ ಇಳಿದರೆ ಸುತ್ತು ಒಮ್ಮೆಗೇ ೨,೪೩೦ಕ್ಕೆ ಏರಿ ಗವರ್ನರಿನ ಬಾಗಿಲು ತಟ್ಟುತ್ತದೆ. ನಡುವೆ ಬೇರೆ ಮೆಟ್ಟಿಲಿಲ್ಲ. ೩.೫೪ರ ಇರುಸಾಗಿದ್ದರೆ ಅದೇ ಏರಿನಲ್ಲಿ ಟಾಪ್ ಗೇರಿನಲ್ಲಿಯೇ ೧,೯೩೨ ಸುತ್ತಿನಲ್ಲಿ ೧೩೦ಕ್ಕೂ ಮೇಲ್ಪಟ್ಟ ಅಶ್ವಶಕ್ತಿ ದೊರೆತು ಟ್ರಕ್ಕು ನಿರಾಯಾಸವಾಗಿ ಏರುತ್ತಿತ್ತು. ಬಯಲಿನಲ್ಲಿ ಉಳಿಸಿದ್ದನ್ನು ಏರಿನಲ್ಲಿ ಕಳೆದುಕೊಳ್ಳುವುದು ಹೇಗೆಂಬುದಕ್ಕೆ ಈ ಒಂದು ಲೆಕ್ಕ ಸಾಕು.

೬. ಓವರ್‌ಡ್ರೈವಿನ ಪ್ರವೇಶ

೧೯೯೦ರ ದಶಕದ ಆರಂಭದಲ್ಲಿ ಡಾಜ್ ಟ್ರಕ್ಕಿನ ಸ್ವಯಂಚಾಲಿತ ಪೆಟ್ಟಿಗೆಗೆ ೦.೬೯ರ ಓವರ್‌ಡ್ರೈವ್ ಗೇರು ಸೇರಿತು. ಫೋರ್ಡ್ ಸಂಸ್ಥೆ ೧೯೮೯ರಲ್ಲಿಯೇ ೦.೭೧ರ ಓವರ್‌ಡ್ರೈವುಳ್ಳ ಪೆಟ್ಟಿಗೆಯನ್ನು ತಂದಿತ್ತು. ಜನರಲ್ ಮೋಟರ್ಸ್ ಅದಕ್ಕೂ ಮೊದಲು, ೧೯೮೨ರಲ್ಲಿ, ಹಗುರ ಟ್ರಕ್ಕುಗಳಿಗೆ ೦.೭೦ರದನ್ನು ಕೊಟ್ಟಿತ್ತು. ಈ ಬದಲಾವಣೆಯ ಮಹತ್ವವನ್ನು ಎಷ್ಟು ಹೇಳಿದರೂ ಹೆಚ್ಚಾಗದು. ೩.೫೪ರ ಇರುಸಿಗೆ ೦.೬೯ರ ಓವರ್‌ಡ್ರೈವ್ ಸೇರಿದರೆ ೬೦ ಮೈಲಿಗಳ ವೇಗದಲ್ಲಿ ಎಂಜಿನ್ನಿನ ಸುತ್ತು ೧,೬೦೦, ೪.೧೦ರ ಇರುಸಿಗೆ ೧,೮೫೩. ಭಾರ ಎಳೆಯುವುದಕ್ಕೆಂದೇ ಇರುವ ‘ಇಂಧನ ನುಂಗುವ’ ೪.೧೦, ಮಿತವ್ಯಯದ ಮೂರ್ತಿಯೆನಿಸಿದ ಹಳೆಯ ೩.೦೭ಕ್ಕಿಂತಲೂ ನಿಧಾನವಾಗಿ ಎಂಜಿನ್ನನ್ನು ತಿರುಗಿಸತೊಡಗಿತು! ಸಂಖ್ಯೆಗೆ ಸ್ವತಂತ್ರವಾದ ಅರ್ಥವಿಲ್ಲವೆಂದು ನಾವು ಆರಂಭದಲ್ಲಿ ಹೇಳಿದ ಮಾತಿಗೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಆದರೆ ಓವರ್‌ಡ್ರೈವ್ ತನ್ನದೇ ಆದ ಮೋಹವನ್ನೂ ತಂದಿತು. ಹಿಂದಿನ ಉದಾಹರಣೆಯ ಟ್ರೈಲರನ್ನೇ ೩.೫೪ರ ಇರುಸಿನೊಡನೆ, ೫೦ ಮೈಲಿಗಳಲ್ಲಿ, ಓವರ್‌ಡ್ರೈವಿನಲ್ಲಿ ಎಳೆದರೆ ಎಂಜಿನ್ನಿನ ಸುತ್ತು ೧,೩೩೩. ಅಲ್ಲಿ ದೊರೆಯುವ ಗರಿಷ್ಠ ಶಕ್ತಿ ನೂರರ ಆಸುಪಾಸು. ಬಯಲಿಗೆ ಸಾಕು, ಏರಿಗೆ ಸಾಲದು. ಹಾಗಾಗಿ ಪೆಟ್ಟಿಗೆ ಪದೇಪದೇ ಕೆಳಗಿನ ಗೇರಿಗೆ ಇಳಿಯುತ್ತದೆ, ಮತ್ತೆ ಏರುತ್ತದೆ. ಹೀಗೆ ಗೇರು ಬದಲಾಗುವಾಗ ಟಾರ್ಕ್ ಕನ್ವರ್ಟರಿನ ಬೀಗ ಬಿಡುವುದರಿಂದ ಎಣ್ಣೆಯ ಜಾರುವಿಕೆಯಲ್ಲಿ ಶಕ್ತಿ ಉಷ್ಣವಾಗಿ ಪೋಲಾಗುತ್ತದೆ. ಪೆಟ್ಟಿಗೆಯ ಎಣ್ಣೆ ಕಾದು ಕ್ಲಚ್ಚುಗಳ ಆಯುಸ್ಸು ಕುಗ್ಗುತ್ತದೆ. ಎಳೆಯುವಾಗ ಓವರ್‌ಡ್ರೈವನ್ನು ಕಳಚಿ ನಡೆಸಬೇಕೆಂಬ ಸೂಚನೆ ಚಾಲಕರ ಕೈಪಿಡಿಗಳಲ್ಲಿ ಕಾಣಿಸಿಕೊಂಡದ್ದು ಈ ಕಾರಣದಿಂದಲೇ. ಆದರೆ ಸದಾ ನೇರ ಗೇರಿನಲ್ಲಿಯೇ ಎಳೆಯುವವನಿಗೆ ಓವರ್‌ಡ್ರೈವಿನಿಂದ ಬಂದ ಲಾಭವೇನು? ಅಂಥವನಿಗೆ ದೊಡ್ಡ ಸಂಖ್ಯೆಯ ಇರುಸಿದ್ದು, ಓವರ್‌ಡ್ರೈವಿನಲ್ಲಿಯೇ ಭಾರವನ್ನು ಹಿಡಿದು ಸಾಗುವಂತಿದ್ದರೆ ಅದೇ ಮಿತವ್ಯಯದ ದಾರಿಯಾಗುತ್ತಿತ್ತು. ವಾಡಿಕೆಯ ನಿಯಮ ಇಲ್ಲಿ ತಲೆಕೆಳಗಾಗುತ್ತದೆ.

೧೯೯೫ರಲ್ಲಿ ರಾಷ್ಟ್ರೀಯ ವೇಗಮಿತಿಯ ಕಾನೂನು ರದ್ದಾಯಿತು. ಸಂಸ್ಥಾನಗಳು ೭೦, ೭೫ ಮೈಲಿಗಳಿಗೆ ಅನುಮತಿ ಕೊಟ್ಟವು. ಗಾಳಿಯ ಪ್ರತಿರೋಧವನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ೫೫ರಿಂದ ೭೦ಕ್ಕೆ ಹೋದರೆ ಅದು ಎರಡು ಪಟ್ಟನ್ನು ಮೀರುತ್ತದೆ. ಗೋಡೆಯಂತೆ ನಿಂತ ಎತ್ತರದ ಟ್ರೈಲರನ್ನು ಎಳೆಯುವವನಿಗೆ ಇದರ ಮುಂದೆ ೩.೫೪ಕ್ಕೂ ೪.೧೦ಕ್ಕೂ ಇರುವ ಅಂತರ ಗೌಣ. ಇರುಸನ್ನು ಬದಲಾಯಿಸಿ ಇಂಧನ ಉಳಿಸಬೇಕೆನ್ನುವವನು ಮೊದಲು ತನ್ನ ಬಲಗಾಲನ್ನು ಬದಲಾಯಿಸಿಕೊಳ್ಳುವುದು ಲೇಸು.

೭. ಗೇರುಗಳು ಹೆಚ್ಚಿದಂತೆ

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ೨೦೦೧ರಲ್ಲಿ ಜನರಲ್ ಮೋಟರ್ಸ್ ತನ್ನ ೬.೬ ಲೀಟರಿನ ಡ್ಯುರಾಮ್ಯಾಕ್ಸ್ ಎಂಜಿನ್ನಿಗೆ ಅಲಿಸನ್ ಸಂಸ್ಥೆಯ ಐದು ಗೇರಿನ ಪೆಟ್ಟಿಗೆಯನ್ನು ಜೋಡಿಸಿ, ೩.೭೩ರ ಇರುಸನ್ನು ಕೊಟ್ಟಿತು. ಮೊದಲ ಗೇರು ೩.೧೦, ಕೊನೆಯದು ೦.೭೧; ೨೦೦೬ರಲ್ಲಿ ಆರನೆಯ ಗೇರು ೦.೬೧ ಸೇರಿತು. ೨೦೧೧ರ ಫೋರ್ಡ್ ಟ್ರಕ್ಕಿನ ೬.೭ ಲೀಟರಿನ ಡೀಸೆಲ್ಲಿಗೆ ೩.೩೧ರಷ್ಟು ಚಿಕ್ಕ ಅನುಪಾತವೂ ದೊರೆಯಿತು. ೨೦೧೩ರ ಹೊತ್ತಿಗೆ ರ‍್ಯಾಮ್ ಎಂಬ ಹೆಸರು ತಳೆದಿದ್ದ ಡಾಜ್ ಟ್ರಕ್ಕಿಗೆ ೩.೪೨ ಬಂದಿತು. ೨೦೨೦ರ ಮಾದರಿಯ ಹತ್ತು ಗೇರಿನ ಪೆಟ್ಟಿಗೆಯೊಡನೆ ಜನರಲ್ ಮೋಟರ್ಸ್ ಸಂಸ್ಥೆಯೂ ತನ್ನ ಭಾರದ ಟ್ರಕ್ಕಿಗೆ ೩.೪೨ನ್ನು ಕೊಟ್ಟಿತು.

ಮೇಲುನೋಟಕ್ಕೆ ಇದು ೩.೦೭ರ ಪುನರಾಗಮನದಂತೆ ಕಾಣುತ್ತದೆ. ಆದರೆ ಹೊರಡುವಾಗ ದೊರೆಯುವ ಒಟ್ಟು ಗುಣಾಕಾರವನ್ನು ಹೋಲಿಸಿ ನೋಡಬೇಕು. ೧೯೮೯ರ ಟ್ರಕ್ಕಿನಲ್ಲಿ ಮೊದಲ ಗೇರು ೨.೪೫, ಇರುಸು ೩.೦೭, ಗುಣಲಬ್ಧ ಏಳೂವರೆ. ೨೦೦೧ರ ಅಲಿಸನ್ ಜೋಡಿಯಲ್ಲಿ ಅದು ಹನ್ನೊಂದೂವರೆಯನ್ನು ಮೀರಿತು. ಹತ್ತು ಗೇರಿನ ಪೆಟ್ಟಿಗೆಯಲ್ಲಿ ಮೊದಲ ಗೇರೇ ನಾಲ್ಕೂವರೆಯಷ್ಟಿರುವುದರಿಂದ, ೩.೪೨ರ ಇರುಸಿನೊಡನೆಯೂ ಅದು ಹದಿನೈದರ ಆಸುಪಾಸಿಗೆ ಏರಿತು. ಜೊತೆಗೆ ಎಂಜಿನ್ನಿನ ತಿರುಚುಬಲವೂ ಬೆಳೆಯಿತು: ೧೯೮೯ರಲ್ಲಿ ೪೦೦ ಪೌಂಡ್-ಅಡಿಯಿದ್ದ ಕಮಿನ್ಸ್ ಎಂಜಿನ್ನು ೨೦೧೯ರಲ್ಲಿ, ೬.೭ ಲೀಟರಿನದಾಗಿ, ೧,೦೦೦ವನ್ನು ಮುಟ್ಟಿತು. ಹಿಂದೆ ಇರುಸು ಒಂದೇ ಹೊರುತ್ತಿದ್ದ ಎರಡು ಕೆಲಸಗಳನ್ನು, ಎಂದರೆ ಹೊರಡಿಸುವುದನ್ನೂ ಸಾಗಿಸುವುದನ್ನೂ, ಗೇರುಪೆಟ್ಟಿಗೆ ತನ್ನ ಮೈಮೇಲೆ ಎಳೆದುಕೊಂಡಿತು. ಇರುಸು ಚಿಕ್ಕ ಸಂಖ್ಯೆಗೆ ಇಳಿದದ್ದು ಅದರ ಹೊರೆ ಇಳಿದದ್ದರಿಂದ.

ದೂರ ಸಾಗಣೆಯ ಭಾರಿ ಲಾರಿಗಳಲ್ಲಿಯೂ ಇದೇ ಒಲವು ಕಾಣುತ್ತದೆ. ಒಂದು ಕಾಲಕ್ಕೆ ೨,೧೦೦ ಸುತ್ತಿನವರೆಗೆ ತಿರುಗುತ್ತಿದ್ದ ಎಂಜಿನ್ನುಗಳ ಜಾಗದಲ್ಲಿ, ೨೦೧೦ರ ದಶಕದಲ್ಲಿ ೧,೨೦೦ರ ಆಸುಪಾಸಿನಲ್ಲಿ ಹೆದ್ದಾರಿಯನ್ನು ಸವೆಸುವ ಎಂಜಿನ್ನುಗಳು ಬಂದವು. ಆದರೆ ಪ್ರಕೃತಿ ಯಾವುದನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ಅದೇ ಶಕ್ತಿಯನ್ನು ಕಡಮೆ ಸುತ್ತಿನಲ್ಲಿ ಸಾಗಿಸಬೇಕಾದರೆ ಪ್ರೊಪೆಲ್ಲರ್ ಶಾಫ್ಟಿನ ಮೇಲೂ ಅದರ ಕೀಲುಗಳ ಮೇಲೂ ಹೆಚ್ಚು ತಿರುಚುಬಲ ಬೀಳುತ್ತದೆ; ಅವನ್ನು ದಪ್ಪವಾಗಿ ಮಾಡಬೇಕಾಗುತ್ತದೆ.

ಈ ಎಂಜಿನ್ನಿಗೂ ನಮ್ಮ ದೇಶಕ್ಕೂ ಒಂದು ನಂಟುಂಟು. ೧೯೯೩ರಲ್ಲಿ ಜಮ್‌ಶೆಡ್‌ಪುರದಲ್ಲಿ ಸ್ಥಾಪಿತವಾದ ಟಾಟಾ ಕಮಿನ್ಸ್ ಸಂಸ್ಥೆಯಲ್ಲಿ ಇದೇ ಬಿ ಶ್ರೇಣಿಯ ಎಂಜಿನ್ನುಗಳು ತಯಾರಾಗಿ ಟಾಟಾ ಲಾರಿಗಳಿಗೆ ಜೋಡಣೆಯಾದವು. ಮಂಗಳೂರಿನಿಂದ ಹೊರೆ ಹೊತ್ತು ಶಿರಾಡಿ ಘಾಟಿಯನ್ನು ಏರುವ ಲಾರಿಗೂ ಕಾನ್ಸಾಸಿನ ಬಯಲಿನಲ್ಲಿ ಕುದುರೆಗಳ ಟ್ರೈಲರನ್ನು ಎಳೆಯುವ ಪಿಕಪ್ಪಿಗೂ ಎಂಜಿನ್ನಿನ ವಂಶ ಒಂದೇ ಇದ್ದರೂ ಇರುಸಿನ ಅನುಪಾತ ಒಂದೇ ಇರಬೇಕಾಗಿಲ್ಲ.

೮. ಪ್ರಮಾಣಗಳ ಸಮಸ್ಯೆ

ಈ ವಿಷಯವನ್ನು ಅಭ್ಯಸಿಸುವವರಿಗೆ ಎದುರಾಗುವ ದೊಡ್ಡ ತೊಡಕು ಆಧಾರಗಳದು. ೮,೫೦೦ ಪೌಂಡುಗಳನ್ನು ಮೀರಿದ ಪಿಕಪ್ಪುಗಳಿಗೆ ವಿನಾಯಿತಿ ದೊರೆತುದನ್ನು ಹಿಂದೆ ಹೇಳಿದೆವು. ಅದರ ಫಲವಾಗಿ, ಸಣ್ಣ ಕಾರನ್ನು ಕೊಳ್ಳುವವನಿಗೆ ಗ್ಯಾಲನಿಗೆ ಎಷ್ಟು ಮೈಲಿಯೆಂಬ ಸರ್ಕಾರಿ ಅಂಕಿ ಕಿಟಕಿಯ ಗಾಜಿನ ಮೇಲೆಯೇ ಅಂಟಿರುತ್ತಿದ್ದಾಗ, ಹೆಚ್ಚು ಇಂಧನ ಸುಡುವ ಭಾರದ ಡೀಸೆಲ್ ಪಿಕಪ್ಪನ್ನು ಕೊಳ್ಳುವವನಿಗೆ ಅಂಥ ಯಾವ ಅಂಕಿಯೂ ದೊರೆಯಲಿಲ್ಲ. ೨೦೧೧ರಲ್ಲಿ ಪ್ರಕಟವಾಗಿ ೨೦೧೪ರ ಮಾದರಿಯಿಂದ ಅನ್ವಯವಾದ ನಿಯಮಗಳು ಈ ವರ್ಗದ ಟ್ರಕ್ಕುಗಳನ್ನೂ ಒಳಗೊಂಡವು. ಆದರೆ ಅವು ತಯಾರಕರ ಒಟ್ಟು ಸರಾಸರಿಗೆ ಸಂಬಂಧಿಸಿದವು, ಕೊಳ್ಳುವವನ ಕೈಗೆ ಅಂಕಿ ಕೊಡುವಂಥವಲ್ಲ. ಆದ್ದರಿಂದ ಒಡೆಯರು ತಮ್ಮ ತಮ್ಮ ಟಿಪ್ಪಣಿ ಪುಸ್ತಕಗಳನ್ನೇ ನಂಬಬೇಕಾಯಿತು. ಒಬ್ಬನ ಟೈರು ಎತ್ತರ, ಇನ್ನೊಬ್ಬನದು ಗಿಡ್ಡ. ಒಬ್ಬನ ಹಿಂದೆ ಗಾಳಿ, ಇನ್ನೊಬ್ಬನ ಎದುರಿಗೆ. ಟೈರು ಬದಲಾಯಿಸಿ ವೇಗಮಾಪಕವನ್ನು ಸರಿಪಡಿಸದಿದ್ದರೆ ಮೈಲಿಗಳ ಲೆಕ್ಕವೇ ತಪ್ಪು. ಇಂಥ ದಾಖಲೆಗಳಿಂದ ಇರುಸಿನ ಪಾಲನ್ನು ಮಾತ್ರ ಬೇರ್ಪಡಿಸಿ ತೂಗುವುದು ಬಹು ಕಷ್ಟ. ನಂಬಿಕೆಗಳು ಇಷ್ಟು ಗಟ್ಟಿಯಾಗಿ ಬೇರೂರಿದ್ದು ಈ ನಿರ್ವಾತದಲ್ಲಿಯೇ ಎಂದು ನಮ್ಮ ಅಭಿಪ್ರಾಯ.

ಎಳೆಯುವ ಸಾಮರ್ಥ್ಯದ ವಿಷಯದಲ್ಲಿಯೂ ಬಹುಕಾಲ ಇದೇ ಅರಾಜಕತೆ ಇದ್ದಿತು; ತಯಾರಕರು ತಮಗೆ ತೋರಿದ ಅಂಕಿಯನ್ನು ಸಾರುತ್ತಿದ್ದರು. ೨೦೦೮ರಲ್ಲಿ ಮೋಟಾರು ಎಂಜಿನಿಯರುಗಳ ಸಂಘವು ಜೆ ೨೮೦೭ ಎಂಬ ಮಾನದಂಡವನ್ನು ಪ್ರಕಟಿಸಿತು. ಅರಿಜೋನಾದ ಡೇವಿಸ್ ಅಣೆಕಟ್ಟಿನ ಬಳಿಯಿಂದ ಹನ್ನೊಂದು ಮೈಲಿಗೂ ಉದ್ದವಾಗಿ ಸಾಗುವ ಏರನ್ನು, ಬಿಸಿಲಿನಲ್ಲಿ, ನಿಗದಿಯಾದ ಕನಿಷ್ಠ ವೇಗಕ್ಕೆ ಕಡಮೆಯಾಗದಂತೆ ಏರಬೇಕು. ನೂರಕ್ಕೆ ಹನ್ನೆರಡರ ಏರಿನಲ್ಲಿ ನಿಂತಲ್ಲಿಂದ ಹೊರಡಬೇಕು. ಇಂಧನಕ್ಕೆ ಸಂಬಂಧಿಸಿದಂತೆ ಇಂಥ ಸಮಾನವಾದ ಪರೀಕ್ಷೆ ಹುಟ್ಟಲಿಲ್ಲ. ಫಲವೇನೆಂದರೆ, ಮಾರಾಟದ ಪಟ್ಟಿಯಲ್ಲಿ ದೊಡ್ಡ ಅನುಪಾತದ ಇರುಸು ಎಷ್ಟು ಹೆಚ್ಚು ಪೌಂಡು ಎಳೆಯುವುದೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಅದು ಎಷ್ಟು ಹೆಚ್ಚು ಇಂಧನ ಬೇಡುವುದೆಂಬುದು, ಅಥವಾ ಬೇಡದೆಯೇ ಇರಬಹುದೆಂಬುದು, ಕಾಣುವುದಿಲ್ಲ.

ಆಯ್ಕೆಯ ಹೊರೆ ಯಾರ ಹೆಗಲ ಮೇಲೆ ಬಿದ್ದಿತೆಂಬುದನ್ನೂ ಮರೆಯಬಾರದು. ಟ್ರಕ್ಕನ್ನು ಗೊತ್ತುಮಾಡುವ ದಿನ ಒಂದು ಚೌಕದಲ್ಲಿ ಗುರುತು ಹಾಕಿದರೆ ಮುಗಿಯಿತು. ಆಮೇಲೆ ಅದನ್ನು ಬದಲಾಯಿಸಬೇಕಾದರೆ ಕ್ರೌನ್ ಪಿನಿಯನ್ನುಗಳನ್ನು ಹೊಸದಾಗಿ ಕೊಂಡು, ಹಲ್ಲುಗಳ ನಡುವಿನ ಸಡಿಲವನ್ನು ತೆಳುವಾದ ತಗಡುಗಳಿಂದ ಕೂದಲೆಳೆಯಷ್ಟು ನಿಖರವಾಗಿ ಹೊಂದಿಸಬೇಕು. ನಾಲ್ಕು ಚಕ್ರಗಳಿಗೂ ಚಾಲನೆಯಿರುವ ಟ್ರಕ್ಕಿಗೆ ಮುಂದಿನ ಇರುಸಿನಲ್ಲಿಯೂ ಇದೇ ಕೆಲಸ ಆಗಬೇಕು. ಉದಾಹರಣೆಗೆ, ವರ್ಷಕ್ಕೆ ೨೦,೦೦೦ ಮೈಲಿ ಓಡುವ ಟ್ರಕ್ಕು ಗ್ಯಾಲನಿಗೆ ೧೫ ಮೈಲಿಗಳ ಬದಲು ೧೬ ಮೈಲಿ ಕೊಟ್ಟಿತೆಂದುಕೊಳ್ಳೋಣ. ಉಳಿಯುವುದು ವರ್ಷಕ್ಕೆ ಸುಮಾರು ೮೩ ಗ್ಯಾಲನ್. ಎರಡೂ ಇರುಸುಗಳ ಕೆಲಸದ ವೆಚ್ಚವನ್ನು ಈ ಉಳಿತಾಯದಿಂದ ತೀರಿಸಲು ಹಲವು ವರ್ಷಗಳೇ ಬೇಕು. ಸ್ವಂತ ಟ್ರಕ್ಕಿನಲ್ಲಿ ಹುಲ್ಲು, ದನ, ಯಂತ್ರಗಳನ್ನು ಎಳೆದು ಜೀವನ ಮಾಡುವವನಿಗೆ ಇದು ಪಾಂಡಿತ್ಯದ ಪ್ರಶ್ನೆಯಲ್ಲ. ತಿಂಗಳ ಕೊನೆಯಲ್ಲಿ ಕೈಯಲ್ಲೇನು ಉಳಿಯುವುದೆಂಬ ಪ್ರಶ್ನೆ.

೯. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ನಾವು ತಲಪುವ ತೀರ್ಮಾನಗಳನ್ನು ಹೀಗೆ ಸಂಗ್ರಹಿಸಬಹುದು. ಮೊದಲನೆಯದಾಗಿ, ಇರುಸಿನ ಅನುಪಾತವನ್ನು ಒಂಟಿಯಾಗಿ ತೂಗುವಂತಿಲ್ಲ. ಟಾಪ್ ಗೇರು, ಟೈರು, ಸಾಗುವ ವೇಗ ಇವುಗಳೊಡನೆ ಗುಣಿಸಿದಾಗ ದೊರೆಯುವ ಎಂಜಿನ್ನಿನ ಸುತ್ತನ್ನು ನೋಡಬೇಕು. ಎರಡನೆಯದಾಗಿ, ಬರಿಗೈಯಲ್ಲಿ ಬಯಲಿನಲ್ಲಿ ಓಡುವ ಟ್ರಕ್ಕಿಗೆ ಚಿಕ್ಕ ಸಂಖ್ಯೆ ಇಂಧನ ಉಳಿಸುವುದು ನಿಜ. ಆದರೆ ಸದಾ ಭಾರ ಎಳೆಯುವ ಟ್ರಕ್ಕಿಗೆ, ಟಾಪ್ ಗೇರಿನಲ್ಲಿ ನಿಲ್ಲಲಾರದಷ್ಟು ಚಿಕ್ಕ ಸಂಖ್ಯೆ ಉಳಿತಾಯವನ್ನು ಹುಸಿಯಾಗಿಸುತ್ತದೆ. ಮೂರನೆಯದಾಗಿ, ೧೯೮೯ರ ೩.೦೭ರಿಂದ ೨೦೨೦ರ ೩.೪೨ರವರೆಗಿನ ಮಾರ್ಗ ಇರುಸಿನ ಚರಿತ್ರೆಗಿಂತ ಹೆಚ್ಚಾಗಿ ಗೇರುಪೆಟ್ಟಿಗೆಯ ಚರಿತ್ರೆ, ರಸ್ತೆಯ ಕಾನೂನಿನ ಚರಿತ್ರೆ.

ತನ್ನ ದುಡಿಮೆಯ ವಾಹನದ ಬಗ್ಗೆ ಖಚಿತವಾದ ಅಂಕಿ ದೊರೆಯದವನು ಗಾದೆಯನ್ನು ನಂಬಿ ಕೊಳ್ಳಬೇಕಾಗುತ್ತದೆ. ಆ ಗಾದೆ ಹುಟ್ಟಿದ ಕಾಲದ ಎಂಜಿನ್ನು, ಪೆಟ್ಟಿಗೆ, ವೇಗಮಿತಿ ಮೂರೂ ಕಣ್ಮರೆಯಾದ ಮೇಲೆಯೂ ಗಾದೆ ಮಾತ್ರ ಉಳಿಯುತ್ತದೆ. ಮುಂದಿನ ಸಂಶೋಧಕರು ತಯಾರಕರ ಪ್ರಕಟಣೆಗಳನ್ನಷ್ಟೇ ಅಲ್ಲದೆ, ಒಡೆಯರು ವರ್ಷಗಟ್ಟಲೆ ಬರೆದಿಟ್ಟ ಇಂಧನದ ಲೆಕ್ಕದ ಪುಸ್ತಕಗಳನ್ನು, ಟೈರು ಹೊರೆ ವೇಗಗಳ ವಿವರಸಹಿತ ಸಂಗ್ರಹಿಸಿ ತುಲನೆ ಮಾಡಿದರೆ, ಇರುಸಿನ ಪಾಲು ಎಷ್ಟು, ಚಾಲಕನ ಪಾಲು ಎಷ್ಟು ಎಂಬುದು ಇನ್ನಷ್ಟು ಖಚಿತವಾಗಿ ತಿಳಿದೀತು.